ಐಟಿಐ ಮುಗಿಸಿದವರಿಗೆ ಜರ್ಮನಿಯ ಔಸ್‌ಬಿಲ್ಡುಂಗ್: ಏಜೆಂಟನಿಗೆ ದುಡ್ಡು ಕಟ್ಟುವ ಮುಂಚೆ

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆಯಲ್ಲಿ ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಮುಗಿದಿದೆ, ಒಂದು ವರ್ಷದಿಂದ ಕಂಟ್ರಾಕ್ಟರ್ ಕೈಕೆಳಗೆ ವೈರಿಂಗ್ ಕೆಲಸ. ಜರ್ಮನಿಯಲ್ಲಿ ಔಸ್‌ಬಿಲ್ಡುಂಗ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ವೃತ್ತಿ ತರಬೇತಿ, ಕೊಡಿಸುತ್ತೇನೆ ಅಂತ ಏಜೆಂಟ್ ಒಬ್ಬ ನಾಲ್ಕು ಲಕ್ಷ ಕೇಳುತ್ತಿದ್ದಾನೆ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಜರ್ಮನ್ ಕಲಿಯಬೇಕಾ? ಕೆಲಸ ಬಿಡಬೇಡಿ, ದುಡ್ಡೂ ಕೊಡಬೇಡಿ.

ಮೊದಲು ದುಡ್ಡಿನ ಮಾತು. ಔಸ್‌ಬಿಲ್ಡುಂಗ್ ಅಂದರೆ ಸೀಟು ಕೊಳ್ಳುವ ಕಾಲೇಜಲ್ಲ. ಒಂದು ಕಂಪನಿ ಒಪ್ಪಂದ ಬರೆದುಕೊಂಡು ನಿಮ್ಮನ್ನು ಸೇರಿಸಿಕೊಳ್ಳುತ್ತದೆ. ವಾರದಲ್ಲಿ ಮೂರ್ನಾಲ್ಕು ದಿನ ಅಲ್ಲಿ ಕೆಲಸ, ಒಂದೆರಡು ದಿನ ವೃತ್ತಿಶಾಲೆ. ಕೆಲವು ಊರುಗಳಲ್ಲಿ ಶಾಲೆಯನ್ನು ವಾರಗಟ್ಟಲೆ ಒಟ್ಟಿಗೆ ಇಡುತ್ತಾರೆ. ಎಲೆಕ್ಟ್ರಿಷಿಯನ್‌ಗೆ ಮೂರೂವರೆ ವರ್ಷ. ಫೀಸಿಲ್ಲ, ಬದಲಿಗೆ ಅವರೇ ಭತ್ಯೆ ಕೊಡುತ್ತಾರೆ. ಕಾನೂನಿನ ಕನಿಷ್ಠ ಮೊತ್ತ 2025ರಲ್ಲಿ ಸೇರಿದವರಿಗೆ ಮೊದಲ ವರ್ಷ ತಿಂಗಳಿಗೆ 682 ಯೂರೋ, 2026ರಲ್ಲಿ ಸೇರುವವರಿಗೆ 724. ಆ ಮೊತ್ತದ ಮೇಲೆ ಎರಡನೇ ವರ್ಷ ಶೇ. 18, ಮೂರನೇ ವರ್ಷ ಶೇ. 35, ನಾಲ್ಕನೇ ವರ್ಷ ಶೇ. 40 ಹೆಚ್ಚು. ಪಿಂಚಣಿ, ಆರೋಗ್ಯ ವಿಮೆ ಅಂತ ಐದರಲ್ಲೊಂದು ಪಾಲು ಕಡಿತವಾಗುತ್ತದೆ. 724ರಲ್ಲಿ ಕೈಗೆ ಸಿಗುವುದು 570ರ ಆಸುಪಾಸು. ಬಾಡಿಗೆ, ಊಟ ಎರಡೂ ಅದರಲ್ಲೇ ಅಂದರೆ ಸಾಲದು. ವೀಸಾ ಕೊಡುವವರೂ ಇದೇ ಲೆಕ್ಕ ಹಾಕಿ, ಕಡಿಮೆ ಬೀಳುವಷ್ಟನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ತೋರಿಸಿ ಅನ್ನುತ್ತಾರೆ. ನಿಮ್ಮ ಮನೆಯವರು ಕೂಡಿಟ್ಟ ದುಡ್ಡು ಬೇಕಾಗುವುದು ಅಲ್ಲಿ, ಏಜೆಂಟನ ಜೇಬಿಗಲ್ಲ. ಅಂದಹಾಗೆ, ನಮ್ಮ ಸರಕಾರದಲ್ಲಿ ನೋಂದಾಯಿತ ರಿಕ್ರೂಟಿಂಗ್ ಏಜೆಂಟ್ ಕೂಡ ಕೆಲಸಕ್ಕೆ ಹೋಗುವವರಿಂದ 30,000 ರೂ. ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆತನ ನೋಂದಣಿ ಸಂಖ್ಯೆ ಕೇಳಿ, ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ಅರ್ಧ ಏಜೆಂಟರು ಅಲ್ಲೇ ಮಾಯ.

ಈಗ ಕೆಲಸ ಯಾಕೆ ಬಿಡಬಾರದು ಅನ್ನುವುದು. 2024ರ ಮಾರ್ಚ್‌ನಿಂದ ಜರ್ಮನಿಯಲ್ಲಿ ಇನ್ನೊಂದು ದಾರಿ ತೆರೆದಿದೆ. ಸ್ವದೇಶದಲ್ಲಿ ಸರಕಾರಿ ಮನ್ನಣೆಯ, ಕನಿಷ್ಠ ಎರಡು ವರ್ಷದ ತರಬೇತಿ, ಕಳೆದ ಐದು ವರ್ಷದೊಳಗೆ ಅದೇ ಕೆಲಸದಲ್ಲಿ ಎರಡು ವರ್ಷದ ಅನುಭವ, ಕೈಯಲ್ಲೊಂದು ಜರ್ಮನ್ ಕಂಪನಿ ಕೊಟ್ಟ ಕೆಲಸದ ಪತ್ರ — ಇಷ್ಟಿದ್ದರೆ ಔಸ್‌ಬಿಲ್ಡುಂಗ್ ಮಾಡದೆ ನೇರ ಕೆಲಸಕ್ಕೇ ಹೋಗಬಹುದು. ಸಂಬಳದ ಮಿತಿ ಇದೆ, 2025ರಲ್ಲಿ ಅದು ವರ್ಷಕ್ಕೆ 43,470 ಯೂರೋ. ಸರ್ಟಿಫಿಕೇಟ್ ಸರಕಾರಿ ಮನ್ನಣೆಯದು ಎಂಬ ದೃಢೀಕರಣವನ್ನು ವಿದೇಶಿ ಸರ್ಟಿಫಿಕೇಟ್‌ಗಳನ್ನು ಪರಿಶೀಲಿಸುವ, ಬಾನ್ ನಗರದ ಜೆಡ್‌ಎಬಿ ಕಚೇರಿಯಿಂದ ತರಿಸಬೇಕು. ನಿಮಗೆ ಬಾಕಿ ಇರುವುದು ಇನ್ನೊಂದು ವರ್ಷದ ಅನುಭವ. ಜರ್ಮನ್ ಭಾಷೆಯ ಬಿ1 ಮಟ್ಟಕ್ಕೂ (ಕೆಳಗಿನಿಂದ ಎ1, ಎ2 ಆದ ಮೇಲಿನ ಮೂರನೆಯದು) ಹೇಗಿದ್ದರೂ ಅಷ್ಟೇ ಸಮಯ ಬೇಕು. ಹಗಲು ಸೈಟು, ರಾತ್ರಿ ಆನ್‌ಲೈನ್ ತರಗತಿ. ಅದೇ ಹನ್ನೆರಡು ತಿಂಗಳು ಎರಡೂ ದಾರಿಗೆ ಜಮಾ. ಕೆಲಸ ಬಿಟ್ಟು ಇಂದಿರಾನಗರದಲ್ಲಿ ಪಿಜಿ ಹಿಡಿದರೆ ಒಂದು ದಾರಿ ತಾನಾಗಿ ಮುಚ್ಚಿಹೋಗುತ್ತದೆ.

ಹಾಗಂತ ಔಸ್‌ಬಿಲ್ಡುಂಗ್ ಕಡೆಗಣಿಸುವಂಥದ್ದಲ್ಲ. ಅದು ಮುಗಿದರೆ ಸಿಗುವುದು ಜರ್ಮನಿಯದೇ ಪ್ರಮಾಣಪತ್ರ, ಆಮೇಲೆ ಎರಡು ವರ್ಷ ಪಿಂಚಣಿ ಕಟ್ಟಿಕೊಂಡು ಕೆಲಸ ಮಾಡಿದರೆ ಕಾಯಂ ವಾಸದ ಅರ್ಜಿ ಹಾಕಬಹುದು. ಆ ದಾರಿ ಹಿಡಿದರೆ ಬುಂಡೆಸ್‌ಅಗೆಂಟೂರ್ ಫ್ಯೂರ್ ಆರ್ಬೈಟ್ (ಜರ್ಮನ್ ಸರಕಾರದ ಉದ್ಯೋಗ ಸಂಸ್ಥೆ) ತಾಣದಲ್ಲಿ ಜಾಗ ಹುಡುಕಿ ನೀವೇ ಬರೆಯಿರಿ. ಆಗಸ್ಟ್ ಇಲ್ಲವೇ ಸೆಪ್ಟೆಂಬರ್‌ನಲ್ಲಿ ತರಬೇತಿ ಶುರು, ಹಿಂದಿನ ವರ್ಷವೇ ಅರ್ಜಿ ಹೋಗಿರಬೇಕು. ಕಂಪನಿಗೆ ನೀವು ನಿಜಕ್ಕೂ ಬೇಕಾಗಿದ್ದರೆ ಅವರೇ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ 411 ಯೂರೋ ಕಟ್ಟಿ ವೀಸಾದ ತ್ವರಿತ ಪ್ರಕ್ರಿಯೆ ಶುರು ಮಾಡಿಸಬಹುದು. ಇದನ್ನು ಇಂಟರ್‌ವ್ಯೂನಲ್ಲಿ ಕೇಳಲು ಸಂಕೋಚ ಬೇಡ.

ಗೋಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಅಂತ ನಾಲ್ಕು ಭಾಗ, ಒಂದೊಂದರಲ್ಲೂ ನೂರಕ್ಕೆ 60 ಬರಬೇಕು. ಒಂದರಲ್ಲಿ ಹೋದರೆ ಅದನ್ನಷ್ಟೇ ಮತ್ತೆ ಬರೆಯಬಹುದು. ವೀಸಾಕ್ಕೆ ಬಿ1 ಸಾಕಾಗುತ್ತದೆ, ಆದರೆ ವೃತ್ತಿಶಾಲೆಗೆ ಸಾಲುವುದಿಲ್ಲ. ಮೇಷ್ಟ್ರು ನಿಮಗಾಗಿ ನಿಧಾನ ಮಾಡುವುದಿಲ್ಲ, ಸೈಟಿನಲ್ಲಿ ಮೇಸ್ತ್ರಿ ಮಾತಾಡುವುದು ಊರ ಜರ್ಮನ್. ನಮ್ಮ ಹುಡುಗರು ಎಡವುವುದು ಕೈಕೆಲಸದಲ್ಲಲ್ಲ, ಇಲ್ಲಿ. ಅದರ ಮೇಲಿನ ಮಟ್ಟ ಬಿ2 ಅರ್ಧ ಮುಗಿಸಿಯೇ ವಿಮಾನ ಹತ್ತಿ.

ಕೈಕೆಲಸದಲ್ಲೂ ಒಂದು ಅಪಾಯವಿದೆ. ಹದಡಿ ರಸ್ತೆಯ ಮನೆಗಳಲ್ಲಿ ನೀವು ಎಳೆದ ಮೂರು ಫೇಸ್ ಕೆಂಪು, ಹಳದಿ, ನೀಲಿ, ನ್ಯೂಟ್ರಲ್ ಕಪ್ಪು. ಜರ್ಮನಿಯಲ್ಲಿ ಫೇಸ್ ಕಂದು, ಕಪ್ಪು, ಬೂದು, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ತ್. ಅಂದರೆ ನಿಮ್ಮ ಕೈ ಧೈರ್ಯವಾಗಿ ಮುಟ್ಟುವ ಕಪ್ಪು ವೈರಿನಲ್ಲಿ ಅಲ್ಲಿ 230 ವೋಲ್ಟ್ ಇರುತ್ತದೆ. ಜೇಬಿನ ಸ್ಕ್ರೂಡ್ರೈವರ್ ಟೆಸ್ಟರನ್ನೂ ಮರೆತುಬಿಡಿ. ಅಲ್ಲಿ ಲೈನ್ ಆಫ್ ಮಾಡು, ಯಾರೂ ಮತ್ತೆ ಆನ್ ಮಾಡದಂತೆ ಬೀಗ ಹಾಕು, ಎರಡು ಮೊನೆಯ ಟೆಸ್ಟರ್‌ನಿಂದ ಕರೆಂಟ್ ಇಲ್ಲವೆಂದು ಖಾತ್ರಿ ಮಾಡು, ಅರ್ತ್ ಮಾಡಿ ಶಾರ್ಟ್ ಮಾಡು, ಪಕ್ಕದ ಜೀವಂತ ಭಾಗಗಳನ್ನು ಮುಚ್ಚು — ಈ ಐದು ನಿಯಮ ಇದೇ ಕ್ರಮದಲ್ಲಿ ನಾಲಿಗೆ ತುದಿಯಲ್ಲಿರಬೇಕು, ಜರ್ಮನ್‌ನಲ್ಲಿ.

ಸೇರಿದ ಮೇಲೆ ಮೊದಲ ಒಂದರಿಂದ ನಾಲ್ಕು ತಿಂಗಳು ಪರೀಕ್ಷಾವಧಿ, ಆಗ ಎರಡೂ ಕಡೆಯವರು ನೋಟಿಸಿಲ್ಲದೆ ಬಿಡಬಹುದು. ನಿಮ್ಮ ತಪ್ಪಿಲ್ಲದೆ ಜಾಗ ಹೋದರೆ ಬೇರೆ ಜಾಗ ಹುಡುಕಲು ಆರು ತಿಂಗಳವರೆಗೆ ಅವಕಾಶ ಕೊಡುತ್ತಾರೆ, ತಕ್ಷಣ ಗಂಟುಮೂಟೆ ಕಟ್ಟಬೇಕಿಲ್ಲ. ಬೆರಿಷ್ಟ್ಸ್‌ಹೆಫ್ಟ್ ಎಂಬ ಕೆಲಸದ ದಿನಚರಿ ಬರೆದು ಸಹಿ ಹಾಕಿಸುತ್ತಿರಬೇಕು. ಅದಿಲ್ಲದೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಮೂರು ತಿಂಗಳದ್ದು ಒಂದೇ ರಾತ್ರಿ ಬರೆದರೆ ಓದಿದವರಿಗೆ ಗೊತ್ತಾಗಿಯೇ ಆಗುತ್ತದೆ.

ಇನ್ನು ಹೆಸರಿನ ತಾಪತ್ರಯ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ: ನಮ್ಮ ಕಡೆ ಇದು ಮಾಮೂಲು. ಜರ್ಮನ್ನರ ಅರ್ಜಿಗಳಲ್ಲಿ ಸರ್‌ನೇಮ್ ಖಾನೆ ಖಾಲಿ ಬಿಡಲು ಬರುವುದಿಲ್ಲ. ಭಾಷಾ ಪರೀಕ್ಷೆಗೆ ಹೆಸರು ಕೊಡುವ ಮುಂಚೆಯೇ ಪಾಸ್‌ಪೋರ್ಟ್ ಸರಿಮಾಡಿಸಿ, ಆಮೇಲೆ ಎಲ್ಲ ಕಡೆ ಅದರಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಬರೆಸಿ.

ಕಂಟ್ರಾಕ್ಟರ್ ಸಂಬಳ ಕೈಗೆ ಕೊಡುತ್ತಿದ್ದರೆ ಈ ತಿಂಗಳಿಂದಲೇ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಅನುಭವದ ಪತ್ರದಲ್ಲಿ ‘ಒಳ್ಳೆಯ ಹುಡುಗ’ ಅನ್ನುವ ಸಾಲಿನಿಂದ ಉಪಯೋಗವಿಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಪೈಪು ಹಾಕಿದ್ದೋ ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಕಟ್ಟಿದ್ದೋ ಮೋಟಾರ್ ಸ್ಟಾರ್ಟರ್ ಜೋಡಿಸಿದ್ದೋ ಅಂತ ಬಿಡಿಸಿ ಬರೆಸಿ, ಲೆಟರ್‌ಹೆಡ್ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ.