ಕರ್ಗುಲೆನ್ ಕೋಸು ನಮ್ಮ ತೋಟದಲ್ಲಿ ಬರುತ್ತಾ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ಹಿಂದೆ ನಾವಿಕರು ಕರ್ಗುಲೆನ್ ದ್ವೀಪದ ಕಾಡುಕೋಸು ತಿಂದು, ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗ ಬಾರದಂತೆ ನೋಡಿಕೊಳ್ಳುತ್ತಿದ್ದರು ಎಂದು ಓದಿದೆ. ಅದು ತಂಪು, ಜೌಗು ನೆಲದ ಗಿಡವಂತೆ. ನಮ್ಮ ತೋಟದ ಹಳ್ಳದ ಬದಿಯೂ ಹಾಗೇ ಇದೆ. ಬೀಜ ತರಿಸಿ ಹಾಕಬಹುದೇ?

ಉತ್ತರ: ನೀವು ಓದಿದ್ದು ನಿಜ. ಆದರೆ ಗಿಡ ನಿಮ್ಮಲ್ಲಿ ಬರುವುದಿಲ್ಲ.

ಕರ್ಗುಲೆನ್ ಇರುವುದು ಹಿಂದೂ ಮಹಾಸಾಗರದಲ್ಲೇ, ಆದರೆ ತೀರಾ ದಕ್ಷಿಣಕ್ಕೆ. ಈಗ ಅದು ಫ್ರಾನ್ಸಿನ ಆಡಳಿತದಲ್ಲಿದೆ. ಮರವೇ ಇಲ್ಲದ ನೆಲ, ನಿಲ್ಲದ ಗಾಳಿ, ಬೇಸಿಗೆಯಲ್ಲೂ ಚಳಿ. ನಿಮ್ಮ ಹಳ್ಳದ ಬದಿಯಲ್ಲಿ ತೇವ ಸಿಗುತ್ತದೆ, ಆ ಚಳಿ ಸಿಗುವುದಿಲ್ಲ. ನಮಗೆ ಹಿತವೆನಿಸುವ 25 ಡಿಗ್ರಿಯಲ್ಲೇ ಅದರ ಎಳೆಯ ಸಸಿ ಸೊರಗುತ್ತದೆ.

ನೋಡಲು ಎಲೆಕೋಸಿನಂತಿದ್ದು, ಸಾಸಿವೆ ಕುಟುಂಬಕ್ಕೇ ಸೇರಿದ್ದರಿಂದ ಹಸಿ ಎಲೆಗೆ ಖಾರದ ಘಾಟು ಇರುತ್ತದೆ. 1776ರ ಡಿಸೆಂಬರ್‌ನಲ್ಲಿ ಕ್ಯಾಪ್ಟನ್ ಕುಕ್ ಅಲ್ಲಿ ಇಳಿದಾಗ, ಹಡಗಿನ ವೈದ್ಯ ವಿಲಿಯಂ ಆಂಡರ್ಸನ್ ಇದನ್ನು ಗಮನಿಸಿ, ವೈದ್ಯ ಜಾನ್ ಪ್ರಿಂಗಲ್ ಗೌರವಕ್ಕೆ ಪ್ರಿಂಗ್ಲಿಯಾ ಎಂದು ಹೆಸರಿಟ್ಟರು. 1840ರಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಇದ್ದ ಹಡಗುಗಳ ಮಂದಿಯೂ ಇದನ್ನು ಉಪ್ಪುಮಾಂಸದ ಜೊತೆ ಬೇಯಿಸಿ ತಿಂದರು. ತಿಂಗಳುಗಟ್ಟಲೆ ತರಕಾರಿ ಕಾಣದ ಬಾಯಿಗೆ, ರಕ್ತ ಒಸರುವ ಒಸಡಿಗೆ, ಎಲೆಯಲ್ಲಿದ್ದ ವಿಟಮಿನ್ ಸಿ ಎಷ್ಟು ದೊಡ್ಡ ಆಸರೆ ಅಲ್ವಾ!

ನನಗೆ ಇದರ ಹೂವೇ ಹೆಚ್ಚು ಇಷ್ಟ. ಸಾಸಿವೆ ಜಾತಿಯ ಗಿಡಗಳು ಸಾಮಾನ್ಯವಾಗಿ ದುಂಬಿ, ಜೇನನ್ನು ನಂಬಿಕೊಂಡಿರುತ್ತವೆ. ಇದು ಗಾಳಿಯನ್ನೇ ನಂಬಿದೆ, ಹಾಗಾಗಿ ಹೂವಿನಲ್ಲಿ ಹೆಚ್ಚಾಗಿ ಎಸಳೇ ಇರುವುದಿಲ್ಲ. ಆ ಬಿರುಗಾಳಿಯಲ್ಲಿ ಹಾರುವ ಹುಳ ಬಾಳುವುದು ಕಷ್ಟ. ಅಲ್ಲಿನ ಮೂಲ ನೊಣಗಳಲ್ಲಿ ಕೆಲವಕ್ಕೆ ರೆಕ್ಕೆಯೇ ಬಲಿಯುವುದಿಲ್ಲ.

1874ರಲ್ಲಿ ಜನ ಅಲ್ಲಿ ಮೊಲ ತಂದು ಬಿಟ್ಟರು. ಅವು ಈ ಕೋಸನ್ನು ಬುಡಸಮೇತ ಮೇಯ್ದವು. ಈಗ ಗಿಡ ಚೆನ್ನಾಗಿ ಉಳಿದಿರುವುದು ಮೊಲವಿಲ್ಲದ ದ್ವೀಪಗಳಲ್ಲಿ ಮತ್ತು ಮೊಲ ಹತ್ತಲಾಗದ ಬಂಡೆಗಳ ಮೇಲೆ. 2006ರಿಂದ ಕರ್ಗುಲೆನ್ ಸಂರಕ್ಷಿತ ಪ್ರದೇಶ. ಹಾಗಾಗಿ ಯಾರಾದರೂ ಇದರ ಬೀಜ ಮಾರುತ್ತೇವೆ ಎಂದರೆ ದಯವಿಟ್ಟು ದುಡ್ಡು ಕಳಿಸಬೇಡಿ.

ವಿಟಮಿನ್ ಸಿ ಬೇಕಿದ್ದರೆ ಬೆಟ್ಟದ ನೆಲ್ಲಿಕಾಯಿ ಇದೆ. ಹಳ್ಳದ ಬದಿಗೆ ಒಂದೆಲಗ ಹಾಕಿ. ತಾನಾಗಿ ಹಬ್ಬುತ್ತದೆ, ಹಸಿಯಾಗಿಯೇ ಅರೆದು ತಂಬುಳಿ ಮಾಡಬಹುದು. ಆದರೆ ಕಾಫಿಗೆ ಔಷಧಿ ಹೊಡೆದ ನೀರು ಹರಿದು ಬರುವ ಕಡೆ ಬೇಡ, ಅದಕ್ಕಿಂತ ಮೇಲಿನ ಜಾಗ ನೋಡಿ ನೆಡಿ.