ಕಾಂಕ್ರೀಟ್ ಬೀಳೋಕೆ ಮುಂಚೆ ತೆಗ್ಗಿಗೆ ಇಳಿದು ನೋಡಿ

ಪ್ರಶ್ನೆ: ನಮಸ್ಕಾರ ಸರ್ರ, ಗದಗದಾಗ 30×40 ಸೈಟಿನ್ಯಾಗ ಮನಿ ಕಟ್ಟಸಾಕತ್ತೇವಿ, ಪೂರಾ ಎರಿ ಮಣ್ಣು. ನಮ್ಮ ಮನಿಯವ್ರು ಪುಣೆದಾಗ ಕೆಲಸಕ್ಕದಾರ, ಇಲ್ಲಿ ನೋಡ್ಕೊಳ್ಳಾಕಿ ನಾ ಒಬ್ಬಾಕಿನ. ಅರ್ಧ ತೆಗ್ಗಿಗೆ ಬೆಡ್ ಹಾಕಿ ಕಂಬಿ ಕಟ್ಟ್ಯಾರ, ಇನ್ನರ್ಧ ಹಂಗ ಅದಾವು. ಅಮಾಸಿ ಆದ ಮ್ಯಾಲೆ ಮುಹೂರ್ತ ನೋಡಿ ಕಾಂಕ್ರೀಟ್ ಹಾಕೂಣು ಅಂತಾರ ಮೇಸ್ತ್ರಿ. ಇಂಜಿನಿಯರ್ ಫೋನಿನ್ಯಾಗ ಎಲ್ಲಾ ಸರಿ ಐತಿ ಅಂದ್ರು. ಮೊನ್ನಿ ಮಳಿಗೆ ತೆಗ್ಗಿನ್ಯಾಗ ನೀರು ನಿಂತಿತ್ತು. ಏನರ ಕೇಳಿದ್ರ ‘ನಿಮಗ ತಿಳಿಯಂಗಿಲ್ಲ ಬಿಡ್ರಿ ಅಕ್ಕಾರ’ ಅಂತಾರ. ನಾ ಏನ್ ನೋಡ್ಬೇಕ್ರಿ?

ಉತ್ತರ: ಅಕ್ಕಾ, ತಿಳಿಯಲ್ಲ ಅನ್ನೋ ಮಾತಿಗೆ ಹಿಂಜರೀಬೇಡಿ. ಪಾಯದಲ್ಲಿ ನೋಡೋದು ಮುಕ್ಕಾಲು ಪಾಲು ಕಣ್ಣಿಗೆ ಕಾಣೋ ವಿಷಯಾನೇ, ಒಂದು ಟೇಪು, ಒಂದಿಷ್ಟು ದಾರ, ಮೂರಡಿ ಕಂಬಿ ತುಂಡು ಇದ್ರೆ ಸಾಕು. ಆದ್ರೆ ಯಾವಾಗ ನೋಡ್ತೀರ ಅನ್ನೋದು ಮುಖ್ಯ. ಮಿಕ್ಸರ್ ಬಂದು ಹದಿನೈದು ಆಳು ಬಾಂಡ್ಲಿ ಹಿಡ್ಕೊಂಡು ನಿಂತ ಮೇಲೆ ‘ನಿಲ್ಲಿಸಿ’ ಅನ್ನೋಕೆ ಎಂಥವರಿಗೂ ಬಾಯಿ ಬರಲ್ಲ, ಅದಕ್ಕೆ ಹಿಂದಿನ ದಿನ ಮಧ್ಯಾಹ್ನವೇ ತೆಗ್ಗಿಗೆ ಇಳಿದು ನೋಡಿ, ತಿದ್ದೋಕೆ ಅರ್ಧ ದಿನ ಕೈಯಲ್ಲಿರುತ್ತೆ.

ಮೊದ್ಲು ಮಣ್ಣು. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಅದರ ಮೇಲೆ ಕೂತ ಪಾಯ ವರ್ಷಾ ವರ್ಷಾ ಮೇಲೆ ಕೆಳಗೆ ಆಗ್ತಾ ಗೋಡೆ ಸೀಳ್ತಾನೇ ಇರುತ್ತೆ. ಹಾಗಾಗಿ ತೆಗ್ಗು ಎರೆ ದಾಟಿ ಗಟ್ಟಿ ಗರಸಿಗೆ ಮುಟ್ಟಿದೆಯಾ ಅನ್ನೋದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಪಕ್ಕದ ಮನೆಯವ್ರು 5 ಅಡಿ ಹೋಗಿದ್ರು ನಾವೂ ಅಷ್ಟೇ ಅನ್ನೋದು ಲೆಕ್ಕಕ್ಕೆ ಬರಲ್ಲ, ಒಂದೇ ಸೈಟಲ್ಲಿ ಈ ಮೂಲೇಲಿ 4 ಅಡಿಗೆ ಗರಸು ಸಿಕ್ಕಿ ಆ ಮೂಲೇಲಿ 7 ಅಡಿ ಆದ್ರೂ ಕರಿ ಮಣ್ಣೇ ಇರೋದನ್ನ ನಾನೇ ಎಷ್ಟೋ ಕಡೆ ನೋಡಿದೀನಿ. ಬೆಡ್, ಅಂದ್ರೆ ತಳದ ಸಾದಾ ಕಾಂಕ್ರೀಟ್ ಪದರ, ಹಾಕದೇ ಇರೋ ಪ್ರತಿ ತೆಗ್ಗಲ್ಲೂ 12 ಎಂಎಂ ಕಂಬಿ ತುಂಡನ್ನ ಕೈಯಲ್ಲಿ ಒತ್ತಿ. ಗೇಣುದ್ದ ಸಲೀಸಾಗಿ ಇಳಿದ್ರೆ ಅದು ಗಟ್ಟಿ ತಳ ಅಲ್ಲ. ನೀರು ನಿಂತಿದ್ದ ತೆಗ್ಗಲ್ಲಿ ನೀರು ಎತ್ತಿ ಹಾಕಿದ್ರಷ್ಟೇ ಸಾಲದು, ಮೆತ್ತಗಾದ ರಾಡಿ ಪೂರ್ತಿ ಕೆರೆದು ತೆಗೀಬೇಕು. ಆಮೇಲೆ ಆಳ ಜಾಸ್ತಿ ಆಯ್ತು ಅಂತ ಅಗೆದ ಮಣ್ಣನ್ನೇ ವಾಪಸ್ ಹರಡೋಕೆ ಬಿಡ್ಬೇಡಿ, ಆ ಜಾಗ 1:4:8 (ಸಿಮೆಂಟ್, ಮರಳು, ಜೆಲ್ಲಿ) ಬೆಡ್ ಕಾಂಕ್ರೀಟಲ್ಲೇ ತುಂಬಿಸಿ. ಬೆಡ್ ಕಡಿಮೆ ಅಂದ್ರೂ 4 ಇಂಚು ಇರ್ಲಿ. ಎಷ್ಟು ಅಗೆದ್ರೂ ಗರಸು ಸಿಗ್ತಿಲ್ಲ ಅಂದ್ರೆ ತಳದಲ್ಲಿ ಗಡ್ಡೆ ತರ ಅಗಲ ಮಾಡೋ ಅಂಡರ್ ರೀಮ್ಡ್ ಪೈಲ್ ಅಂತ ಇದೆ, ಎರೆ ಭೂಮಿಗೆ ಹೇಳಿ ಮಾಡಿಸಿದ್ದು, ಇಂಜಿನಿಯರ್ ಹತ್ರ ಅದನ್ನ ಕೇಳಿ.

ಇನ್ನು ಕಂಬಿ. ಬೆಡ್ ಮೇಲೆ ಜಾಲರಿ ನೇರವಾಗಿ ಮಲಗಿದ್ಯಾ ನೋಡಿ. ಫೂಟಿಂಗ್‌ಗೆ, ಅಂದ್ರೆ ಕಾಲಮ್ ಕೆಳಗಿನ ಅಗಲ ಪಾದಕ್ಕೆ, ಕೆಳಗೆ, ಪಕ್ಕ ಎಲ್ಲಾ ಕಡೆ ಕಂಬಿಯ ಹೊರಗೆ ಕನಿಷ್ಠ 50 ಎಂಎಂ ಕಾಂಕ್ರೀಟ್ ಕವರ್ ಬೇಕು, ಅಂದ್ರೆ ಎರಡು ಇಂಚು, ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಕೋಡಲ್ಲೇ ಇದೆ. ಕವರ್ ಇಲ್ದಿದ್ರೆ ನೆಲದ ತೇವ ಕಂಬಿಗೆ ತಾಗಿ ತುಕ್ಕು ಹಿಡಿಯುತ್ತೆ, ತುಕ್ಕು ಉಬ್ಬಿ ಒಳಗಿಂದ ಕಾಂಕ್ರೀಟನ್ನೇ ಒಡೆಯುತ್ತೆ. ಒಂದು ಮನೇಲಿ ಜಾಲರಿ ಕೆಳಗೆ ಇಡೋ ಕವರಿಂಗ್ ಬ್ಲಾಕ್ ಖಾಲಿ ಅಂತ ಜೆಲ್ಲಿ ಕಲ್ಲು ಕೊಟ್ಟು ಜಾಲರಿ ಎತ್ತಿದ್ರು, ನೋಡೋಕೆ ಚೆನ್ನಾಗೇ ಇತ್ತು, ನಾನು ಒಂದು ಕಾಲು ಇಟ್ಟೆ ನೋಡಿ, ಕಲ್ಲು ಟಕ್ ಅಂತ ಜಾರಿ ಜಾಲರಿ ಬೆಡ್‌ಗೆ ಕೂತ್ಕೊಳ್ತು. ಆಳುಗಳು ಅದರ ಮೇಲೆ ಓಡಾಡಿದ್ರೆ ಏನಾಗ್ತಿತ್ತು ಹೇಳಿ. ನೀವೂ ಹಾಗೇ ಕಾಲಿಟ್ಟು ನೋಡಿ. ಕಂಬಿ ಮೇಲೆ ಮೆತ್ತಿರೋ ರಾಡಿ ತೊಳೆಸಿ, ಒಣಗಿದ ಮಣ್ಣಿನ ಪದರ ಇದ್ರೆ ಕಾಂಕ್ರೀಟ್ ಹಿಡಿಯಲ್ಲ.

ಡ್ರಾಯಿಂಗ್ ಕೈಯಲ್ಲೇ ಇರ್ಲಿ. 6 ಇಂಚಿಗೊಂದು ಕಂಬಿ ಅಂತಿದ್ರೆ ಒಂದು ಗ್ಯಾಪ್ ಅಳೀಬೇಡಿ, ಐದು ಗ್ಯಾಪ್ ಒಟ್ಟಿಗೆ ಅಳೆದು 30 ಇಂಚು ಬರುತ್ತಾ ನೋಡಿ. ಕಂಬಿ ದಪ್ಪದ ಮೇಲೆ ಅನುಮಾನ ಬಂದ್ರೆ ಸರಿಯಾಗಿ ಒಂದು ಮೀಟರ್ ತುಂಡನ್ನ ಕಿರಾಣಿ ಅಂಗಡಿ ತಕ್ಕಡೀಲಿ ಇಡಿ, 12 ಎಂಎಂ ಆದ್ರೆ ಸುಮಾರು 890 ಗ್ರಾಂ ಬರುತ್ತೆ. ಕಾಲಮ್ ಕಂಬಿ ಎಲ್ ಆಕಾರದಲ್ಲಿ ಬಗ್ಗಿ ಜಾಲರಿ ಮೇಲೆ ಕೂತು ಬೈಂಡಿಂಗ್ ವೈರ್ ಬಿಗಿದಿರಬೇಕು, ಅಂತರದಲ್ಲಿ ತೇಲ್ತಿರಬಾರದು. 9×12 ಇಂಚಿನ ಕಾಲಮ್‌ಗಳಲ್ಲಿ ಉದ್ದದ ಮುಖ ಯಾವ ಕಡೆಗೆ ಅಂತ ಒಂದೊಂದನ್ನೂ ಡ್ರಾಯಿಂಗ್ ಜೊತೆ ಹೋಲಿಸಿ, ಇದು ತಿರುಗಿಹೋದ್ರೆ ಆಮೇಲೆ ಏನೂ ಮಾಡೋಕಾಗಲ್ಲ. ಮೂಲೆಮಟ್ಟಕ್ಕೆ ನಿಮ್ಮ ಸೈಟು ಅನುಕೂಲವಾಗಿದೆ, 30 ಮತ್ತೆ 40 ಅಂದ್ರೆ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ ಬರ್ಬೇಕು. ಕಾಲಮ್ ಸೆಂಟರ್ ದಾರಕ್ಕೂ ಹಾಗೇ, ಎರಡೂ ಕರ್ಣ ಒಂದೇ ಅಳತೆ ಇರ್ಬೇಕು.

ಕಾಂಕ್ರೀಟ್ ದಿನ ನೀರಿನ ಪೈಪ್ ಮೇಲೆ ಕಣ್ಣಿಡಿ. 1:1.5:3 ಮಿಶ್ರಣಕ್ಕೆ ಸಿಮೆಂಟ್ ಚೀಲಕ್ಕೆ ನೀರು 30 ಲೀಟರ್ ಮೀರಬಾರದು, ಮರಳು ಒದ್ದೆ ಇದ್ರೆ ಇನ್ನೂ ಕಡಿಮೆ. ಬಕೆಟ್ ಲೆಕ್ಕದಲ್ಲೇ ಹಾಕ್ಸಿ. ಕಾಂಕ್ರೀಟ್ ಅಲುಗಾಡಿಸಿ ಗಟ್ಟಿಯಾಗಿ ಕೂರಿಸೋ ವೈಬ್ರೇಟರ್ ಸ್ಟಾರ್ಟ್ ಆಗುತ್ತಾ ಅಂತ ಬೆಳಗ್ಗೆನೇ ನೋಡ್ಬಿಡಿ.

ಮುಹೂರ್ತ ತಪ್ಪುತ್ತೆ ಅಂದ್ರೆ ಪೂಜೆ ಮಾಡೋ ಮೂಲೆಯ ಒಂದೇ ಫೂಟಿಂಗ್ ಸರಿಮಾಡಿ ಆ ಹೊತ್ತಿಗೆ ಹಾಕ್ಸಿ, ಮಿಕ್ಕಿದ್ದು ತಿದ್ದಿ ಮಾರನೇ ದಿನ ಹಾಕಿದ್ರೆ ದೇವ್ರೇನೂ ಕೋಪ ಮಾಡ್ಕೊಳಲ್ಲ. ಆದ್ರೆ ಇಂಜಿನಿಯರ್ ತೆಗ್ಗಿಗೆ ಇಳಿದು ನೋಡದೆ ಫೋನಲ್ಲೇ ಸರಿ ಅಂದ್ರೆ ಒಪ್ಕೋಬೇಡಿ. ಬರಲ್ಲ ಅಂದ್ರೆ ಬೇರೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಒಂದು ವಿಸಿಟ್ ಫೀಸ್ ಕೊಟ್ಟು ಕರೆಸಿ. ಪ್ರತಿ ತೆಗ್ಗಿಂದೂ ಟೇಪ್ ಇಟ್ಟು ಫೋಟೋ ತೆಗೆದು ನಿಮ್ಮ ಮನೆಯವ್ರಿಗೆ ಕಳ್ಸಿ.

ಪ್ರಶ್ನೆ: ಫೂಟಿಂಗ್ ಆದ ಮರುದಿನವೇ ಮಣ್ಣು ಮುಚ್ಚಬಹುದಾ? (ತುಮಕೂರಿನ ಓದುಗರು)

ಉತ್ತರ: ಬೇಡ. ಸಾದಾ ಓಪಿಸಿ ಸಿಮೆಂಟ್ ಆದ್ರೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆಸಿದ್ದು) ಆದ್ರೆ 10 ದಿನ ಒದ್ದೆ ಗೋಣಿಚೀಲ ಹೊದಿಸಿ ಕ್ಯೂರಿಂಗ್ ಮಾಡ್ಸಿ. ಮುಚ್ಚುವಾಗ ಒಂದೇ ಸಲ ಜೆಸಿಬೀಲಿ ಸುರಿಸ್ಬೇಡಿ, ಅರ್ಧ ಅಡಿಗೊಂದು ಪದರ ಹಾಕಿ ನೀರು ಬಿಟ್ಟು ದಮ್ಮಸು ಹೊಡೆಸಿ. ಗದಗದ ಅಕ್ಕನೂ ಇದನ್ನ ಓದ್ಲಿ, ಅವರ ಸೈಟಲ್ಲಿ ಅಗೆದ ಎರೆ ಮಣ್ಣು ಹೊರಗೆ ಸಾಗಿಸಿ ಗರಸೇ ತುಂಬಿಸ್ಬೇಕು.