ಚಿಮಣಿ ಬೆಚ್ಚಗಿರಲಿ, ಸೌದೆ ಒಣಗಿರಲಿ

ಪ್ರಶ್ನೆ: ಫೈರ್‌ಪ್ಲೇಸಿಗೆ ಬೆಂಕಿ ಹಾಕಿದ ಕೂಡಲೇ ಹೊಗೆಯೆಲ್ಲ ಕೋಣೆಗೇ ಬರುತ್ತದೆ. ಹತ್ತು ಹದಿನೈದು ನಿಮಿಷ ಆದ ಮೇಲೆ ತಾನಾಗಿ ಸರಿಹೋಗುತ್ತದೆ. ಚಿಮಣಿ ಕಟ್ಟಿಕೊಂಡಿದೆಯಾ?

ಉತ್ತರ: ತಾನಾಗಿ ಸರಿಹೋಗುತ್ತಿದ್ದರೆ ಕಟ್ಟಿಕೊಂಡಿರುವುದು ಅನುಮಾನ. ಕಟ್ಟಿಕೊಂಡಿದ್ದರೆ ಉರಿ ಜೋರಾದಷ್ಟೂ ಕೋಣೆಯಲ್ಲಿ ಹೊಗೆ ಜಾಸ್ತಿಯಾಗುತ್ತಿತ್ತು. ನಿಮ್ಮ ಚಿಮಣಿ ತಣ್ಣಗಿದೆ, ಅಷ್ಟೇ. ಬಿಸಿ ಗಾಳಿ ಹಗುರ, ಅದಕ್ಕೇ ಹೊಗೆ ಮೇಲೇರುತ್ತದೆ. ಕೊಳವೆಯ ತುಂಬ ತಣ್ಣನೆಯ ಭಾರದ ಗಾಳಿ ಕೂತಿದ್ದರೆ ಅದು ಬಿರಡೆ ಹಾಕಿದಂತೆ ಹೊಗೆಯನ್ನು ತಡೆಯುತ್ತದೆ. ಮನೆಯ ಹೊರಗೋಡೆಗೆ ಆನಿಸಿ ಕಟ್ಟಿದ ಚಿಮಣಿಯಲ್ಲಿ ಈ ಕಾಟ ಹೆಚ್ಚು. ಅದರ ಮೂರು ಮೈಯೂ ಚಳಿಯಲ್ಲೇ ಇರುತ್ತವೆ, ಅಲ್ವಾ?

ಸೌದೆಗೆ ಕಡ್ಡಿ ಗೀರುವ ಮುಂಚೆ ಡ್ಯಾಂಪರ್, ಅಂದರೆ ಕೊಳವೆಯ ಬುಡದಲ್ಲಿ ಹೊಗೆಯ ದಾರಿ ಮುಚ್ಚುವ ತಗಡಿನ ಬಾಗಿಲು, ತೆರೆದಿದೆಯಾ ನೋಡಿ. ಇದನ್ನು ಮರೆತು ಹೊಗೆ ಕುಡಿದವರು ಬಹಳ ಜನ. ಆಮೇಲೆ ಅಂಗೈಯನ್ನು ಡ್ಯಾಂಪರಿನ ಕೆಳಗೆ ಹಿಡಿಯಿರಿ. ತಣ್ಣನೆ ಗಾಳಿ ಕೈ ಮೇಲೆ ಇಳಿಯುತ್ತಿದ್ದರೆ ಚಿಮಣಿ ಇನ್ನೂ ಸಿದ್ಧವಾಗಿಲ್ಲ. ದಪ್ಪ ಚರ್ಮದ ಕೈಗವಸು ಹಾಕಿಕೊಂಡು, ಹಳೇ ಪೇಪರಿನ ಎರಡು ಹಾಳೆ ಸುರುಳಿ ಸುತ್ತಿ, ಹೊತ್ತಿಸಿ, ಡ್ಯಾಂಪರಿನ ಬಾಯಿಗೆ ಹಿಡಿಯಿರಿ. ಮೊದಲು ಉರಿ ನಿಮ್ಮ ಕಡೆಗೇ ಬಾಗುತ್ತದೆ. ಸ್ವಲ್ಪ ಹೊತ್ತು ಅತ್ತಿತ್ತ ಹೊಯ್ದಾಡುತ್ತದೆ. ಆಮೇಲೆ ಒಮ್ಮೆಲೇ ನೆಟ್ಟಗಾಗಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಆಗ ಸೌದೆಗೆ ಬೆಂಕಿ ಕೊಡಿ.

ಇಷ್ಟಾದರೂ ಹೊಗೆ ಬಂದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿ, ಹತ್ತಿರದ ಕಿಟಕಿಯನ್ನು ಒಂದು ಇಂಚು ತೆರೆದು ನೋಡಿ. ಹೊಗೆ ನಿಂತಿತಾ? ಹಾಗಾದರೆ ಚಿಮಣಿಯಲ್ಲಿ ದೋಷವಿಲ್ಲ, ಮನೆಗೇ ಗಾಳಿ ಸಾಲುತ್ತಿಲ್ಲ. ಫ್ಯಾನ್ ಹೊರದಬ್ಬಿದಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಬೇಕು, ಅದು ಚಿಮಣಿಯಿಂದಲೇ ಇಳಿಯುತ್ತಿರುತ್ತದೆ. ಯಾವಾಗಲೂ ಹೊಗೆಯೇ ಅನ್ನುವವರು ಮಾತ್ರ ಅಳತೆಯ ಕಡೆ ನೋಡಬೇಕು. ಕೊಳವೆಯ ಒಳಗಿನ ವಿಸ್ತೀರ್ಣ ಫೈರ್‌ಪ್ಲೇಸಿನ ಬಾಯಿಯ ವಿಸ್ತೀರ್ಣದ ಸುಮಾರು ಹತ್ತನೇ ಒಂದು ಭಾಗ ಇರಬೇಕು ಎನ್ನುವುದು ಹಳೇ ಲೆಕ್ಕ. ಬಾಯಿ ದೊಡ್ಡದಾಯಿತು ಅನಿಸಿದರೆ ಮೇಲಂಚಿಗೆ ಒಂದು ತಗಡು ಅಡ್ಡ ಹಿಡಿದು ನಿಧಾನವಾಗಿ ಕೆಳಗಿಳಿಸಿ. ಹೊಗೆ ಎಲ್ಲಿ ನಿಲ್ಲುತ್ತದೋ ಅಲ್ಲಿವರೆಗೆ ಬಾಯಿ ಮುಚ್ಚಿಸಿದರೆ ಸಾಕು, ಚಿಮಣಿ ಒಡೆಯಬೇಕಿಲ್ಲ.

ಪ್ರಶ್ನೆ: ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಬೆಂಕಿ ಹಾಕುತ್ತೇವೆ. ಆದರೂ ಪ್ರತಿ ವರ್ಷ ಗುಡಿಸಬೇಕಾ? ಉರಿಗೆ ಹಾಕಿದರೆ ಮಸಿ ಹೋಗುತ್ತದೆ ಎನ್ನುವ ಪುಡಿ ಸಾಲದಾ?

ಉತ್ತರ: ಗುಡಿಸುವುದು ಬೇರೆ, ನೋಡುವುದು ಬೇರೆ. ಪ್ರತಿ ವರ್ಷ ನೋಡಲೇಬೇಕು. ಅಮೆರಿಕದ ಅಗ್ನಿ ಸುರಕ್ಷತೆಯ ಮಾನದಂಡ ಎನ್‌ಎಫ್‌ಪಿಎ 211 ಕೂಡ ಇದನ್ನೇ ಹೇಳುತ್ತದೆ. ಬೆಂಕಿಯೇ ಹಾಕದ ವರ್ಷದಲ್ಲೂ ಹಕ್ಕಿ ಗೂಡು ಕಟ್ಟಬಹುದು, ಇಟ್ಟಿಗೆ ಕಳಚಬಹುದು. ಗುಡಿಸುವುದು ಮಾತ್ರ ಮಸಿ ಕಟ್ಟಿದಾಗ. ಟಾರ್ಚ್ ಹಿಡಿದು ಡ್ಯಾಂಪರಿನ ಮೇಲಿನ ಗೋಡೆಯನ್ನು ಕಡ್ಡಿಯಿಂದ ಗೀರಿ. ಪದರ 3 ಮಿಲಿಮೀಟರ್ ದಪ್ಪ ಇದ್ದರೆ ಬೆಂಕಿ ಹಾಕುವುದು ನಿಲ್ಲಿಸಿ, ಗುಡಿಸುವವರನ್ನು ಕರೆಸಿ.

ಆ ಪದರ ಬರೀ ಮಸಿಯಲ್ಲ. ಸರಿಯಾಗಿ ಉರಿಯದ ಹೊಗೆ ತಣ್ಣನೆ ಗೋಡೆಗೆ ತಾಗಿ ಹನಿಗಟ್ಟಿ ಕ್ರಿಯೋಸೋಟ್ ಆಗುತ್ತದೆ. ಅದು ಪುಡಿಪುಡಿಯಾಗಿದ್ದರೆ ಬ್ರಷ್ಷಿಗೆ ಬರುತ್ತದೆ. ಹೊಳೆಯುವ ಚಕ್ಕೆಯಾಗಿದ್ದರೆ ಬ್ರಷ್ ತಿಣುಕುತ್ತದೆ. ಕರಗಿಸಿ ಬಳಿದ ಟಾರಿನಂತೆ ಗಾಜುಗಟ್ಟಿದ್ದರೆ ಬ್ರಷ್ ಜಾರುತ್ತದೆ, ಅಷ್ಟೇ. ನೀವು ಕೇಳಿದ ಪುಡಿ ಈ ಕೊನೆಯ ಬಗೆಯನ್ನು ಒಣಗಿಸಿ ಸಡಿಲ ಮಾಡಲು ಸಹಾಯ ಮಾಡುತ್ತದೆ. ಸಡಿಲವಾದದ್ದನ್ನು ಯಾರಾದರೂ ಗುಡಿಸಿ ಕೆಳಗೆ ಹಾಕಬೇಕಲ್ಲ! ಪುಡಿ ಸೌಟಿನಂತೆ, ಊಟ ಅಲ್ಲ.

ಇದಕ್ಕೆಲ್ಲ ಮೂಲ ಹಸಿ ಸೌದೆ. ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರಬಹುದು. ಉರಿಯ ಶಾಖವೆಲ್ಲ ಆ ನೀರನ್ನು ಕುದಿಸುವುದಕ್ಕೆ ಹೋಗಿ, ಹೊಗೆ ತಣ್ಣಗೇ ಮೇಲೇರುತ್ತದೆ. ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಮೀಟರ್ ಇದ್ದರೆ ತುಂಡನ್ನು ಸೀಳಿ, ಹೊಸದಾಗಿ ತೆರೆದ ಮೈಗೆ ಚುಚ್ಚಿ ನೋಡಿ. ಹೊರಮೈ ಸುಳ್ಳು ಹೇಳುತ್ತದೆ. ಮೀಟರ್ ಇಲ್ಲವೇ? ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ‘ಠಣ್’ ಅನ್ನುತ್ತದೆ, ಹಸಿಯಾಗಿದ್ದರೆ ‘ದಬ್’. ಸೀಳಿ, ಮೇಲೆ ಮಾತ್ರ ಮುಚ್ಚಿ, ಬದಿಗೆ ಗಾಳಿ ಆಡಲು ಬಿಟ್ಟರೆ ಆರು ತಿಂಗಳಿಂದ ಎರಡು ವರ್ಷ ಬೇಕು. ಮರ ಗಟ್ಟಿಯಾದಷ್ಟೂ ಜಾಸ್ತಿ ದಿನ.

ಕ್ರಿಯೋಸೋಟಿಗೆ ಬೆಂಕಿ ಹತ್ತಿದರೆ ಕೆಲವೊಮ್ಮೆ ರೈಲು ಬಂದಂತೆ ಸದ್ದಾಗುತ್ತದೆ, ಎಷ್ಟೋ ಸಲ ಸದ್ದೇ ಇಲ್ಲದೆ ಉರಿದು ಹೋಗುತ್ತದೆ. ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಮುಚ್ಚಿದ ಸ್ಟೌ ಆಗಿದ್ದು, ಕೈಗೆಟುಕಿದರೆ ಗಾಳಿಯ ಕಿಂಡಿ ಮುಚ್ಚಿ. ಎಲ್ಲರನ್ನೂ ಹೊರಗೆ ಕಳಿಸಿ ಅಗ್ನಿಶಾಮಕದವರಿಗೆ ಫೋನ್ ಮಾಡಿ. ನೀರು ಸುರಿಯಬೇಡಿ, ಕಾದ ಕೊಳವೆ ಬಿರಿಯುತ್ತದೆ. ಆರಿತು ಅಂತ ಮಾರನೇ ದಿನವೇ ಮತ್ತೆ ಹೊತ್ತಿಸುವುದೂ ಬೇಡ. ಒಳಗೆ ಕ್ಯಾಮೆರಾ ಇಳಿಸಿ ಬಿರುಕು ನೋಡಿಸಬೇಕು.

ಸ್ವಂತ ಗುಡಿಸುವುದಾದರೆ ಒಳ್ಳೇ ಮಾಸ್ಕ್ ಇರಲಿ. ಚಿಮಣಿ ಗುಡಿಸುವವರಿಗೆ ಬರುತ್ತಿದ್ದ ಒಂದು ಬಗೆಯ ಕ್ಯಾನ್ಸರಿಗೂ ಮಸಿಗೂ ನಂಟಿದೆ ಎಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ.

ಪ್ರಶ್ನೆ: ಚಿಮಣಿಯ ಹೊರಗೆ ಬಿಳಿ ಪುಡಿ ಕಾಣುತ್ತಿದೆ, ಇಟ್ಟಿಗೆಯ ಮುಖ ಉದುರುತ್ತಿದೆ. ಮೇಸ್ತ್ರಿ ಪೂರ್ತಿ ಸಿಮೆಂಟ್ ಬಳಿದು ಬಣ್ಣ ಹೊಡೆಯೋಣ ಅನ್ನುತ್ತಾರೆ. ಮಾಡಿಸಲಾ?

ಉತ್ತರ: ಬೇಡ. ಬಿಳಿ ಪುಡಿ ಅಂದರೆ ಇಟ್ಟಿಗೆ ಹೀರಿಕೊಂಡ ನೀರು ಹೊರಬರುವಾಗ ಬಿಟ್ಟುಹೋದ ಉಪ್ಪು. ಹೊರಗಿಂದ ಮುಚ್ಚಿದರೆ ನೀರು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಇಟ್ಟಿಗೆ ಇನ್ನೂ ಬೇಗ ಉದುರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಸಾಮಾನ್ಯವಾಗಿ ಜಾಗ ಮೂರು: ತಲೆಯ ಮೇಲಿನ ಕಾಂಕ್ರೀಟ್ ಹಲಗೆ ಬಿರಿದಿರಬಹುದು, ಬಾಯಿಗೆ ಟೋಪಿ ಇಲ್ಲದಿರಬಹುದು, ಚಾವಣಿ ಸೇರುವಲ್ಲಿರುವ ತಗಡಿನ ಪಟ್ಟಿ ಎದ್ದಿರಬಹುದು. ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಲಿ. ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಲಿ. ಕೆಳಗಿಂದ ಶುರುಮಾಡಿ, ಒಂದೊಂದು ಜಾಗಕ್ಕೆ ಹತ್ತು ನಿಮಿಷ ಕೊಟ್ಟು ಮೇಲೆ ಹೋಗಿ. ಮೇಲಿಂದ ಶುರುಮಾಡಿದರೆ ನೀರು ಎಲ್ಲೆಲ್ಲೂ ಹರಿದು ಏನೂ ಗೊತ್ತಾಗುವುದಿಲ್ಲ. ತೂತು ಸಿಕ್ಕ ಮೇಲೆ ಅದನ್ನು ಸರಿಮಾಡಿಸಿ, ಸವೆದ ಸಂದುಗಳಿಗೆ ಗಾರೆ ತುಂಬಿಸಿ. ಇಟ್ಟಿಗೆಗೆ ಏನಾದರೂ ಬಳಿಯಲೇಬೇಕಿದ್ದರೆ ಆವಿ ಹೊರಗೆ ಹೋಗಲು ಬಿಡುವ ಲೇಪ ಕೇಳಿ. ಬೆಂಕಿ ಉರಿಯುವ ಒಳಗೂಡಿಗೆ ಮಾಮೂಲಿ ಸಿಮೆಂಟ್ ಹಾಕಿಸಬೇಡಿ, ಅದು ಶಾಖಕ್ಕೆ ಬಿರಿಯುತ್ತದೆ. ಅಲ್ಲಿಗೆ ಬೆಂಕಿ ತಡೆಯುವ ಗಾರೆಯೇ ಆಗಬೇಕು.

ಪ್ರಶ್ನೆ: ಹಳೇ ತೆರೆದ ಫೈರ್‌ಪ್ಲೇಸ್ ಇದೆ. ಅದರೊಳಗೆ ಬಾಗಿಲಿರುವ ಸ್ಟೌ ಕೂರಿಸಿದರೆ ಉಪಯೋಗ ಇದೆಯಾ?

ಉತ್ತರ: ಬೆಚ್ಚಗಿರುವುದೇ ಉದ್ದೇಶವಾದರೆ ಖಂಡಿತ ಇದೆ. ತೆರೆದ ಬೆಂಕಿಯ ಶಾಖದಲ್ಲಿ ಹತ್ತನೇ ಒಂದು ಪಾಲು ಕೋಣೆಗೆ ಬಂದರೆ ಅದೇ ದೊಡ್ಡದು. ಕೂತು ನೋಡಲು ಚೆನ್ನ, ಆದರೆ ಬೆನ್ನು ತಣ್ಣಗೇ ಇರುತ್ತದೆ.

ಕೆಡುವುದು ಕೂರಿಸುವಾಗ. ಸಣ್ಣ ಸ್ಟೌವನ್ನು ಹಳೇ ದೊಡ್ಡ ಕೊಳವೆಗೆ ಸುಮ್ನೆ ತಗುಲಿಸಿಬಿಡುತ್ತಾರೆ. ಅಷ್ಟಗಲದ ಜಾಗದಲ್ಲಿ ಹೊಗೆ ನಿಧಾನವಾಗಿ ಏರುತ್ತಾ ತಣ್ಣಗಾಗಿ ಮತ್ತದೇ ಕ್ರಿಯೋಸೋಟ್ ಕಟ್ಟುತ್ತದೆ. ಸ್ಟೌವಿನ ಬಾಯಿಯ ಅಳತೆಯದೇ ಸ್ಟೀಲ್ ಕೊಳವೆ ತುದಿಯವರೆಗೂ ಹೋಗಬೇಕು, ಸುತ್ತ ಶಾಖ ಹಿಡಿಯುವ ಹೊದಿಕೆ ಇದ್ದರೆ ಇನ್ನೂ ಒಳ್ಳೆಯದು. ಕೆಲಸದವರನ್ನು ಒಂದೇ ಪ್ರಶ್ನೆ ಕೇಳಿ: “ಕೊಳವೆ ಎಷ್ಟು ಅಗಲದ್ದು, ಯಾಕೆ?” ಅಳತೆ ಟೇಪ್ ತೆಗೆಯದೆ ಉತ್ತರ ಕೊಟ್ಟರೆ ಇನ್ನೊಬ್ಬರನ್ನು ಹುಡುಕಿ. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ. ಆ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ.

ಪ್ರಶ್ನೆ: ಬೂದಿಯನ್ನು ಪ್ರತಿ ದಿನ ತೆಗೆಯಬೇಕಾ?

ಉತ್ತರ: ಇಲ್ಲ. ಸೌದೆ ಉರಿಸುವವರು ಒಂದಿಂಚು ಬೂದಿ ಬಿಟ್ಟರೆ ಕೆಂಡ ಚೆನ್ನಾಗಿ ಉಳಿಯುತ್ತದೆ. ಜಾಸ್ತಿಯಾದದ್ದನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ತುಂಬಿ ಮನೆಯಿಂದ ದೂರ ಇಡಿ. ಮರದ ಜಗುಲಿಯ ಮೇಲೆ ಬೇಡ, ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಬೂದಿಯ ಹೊಟ್ಟೆಯಲ್ಲಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.